ಪುನವರ್ಸತಿ

ಮೈನುದ್ದೀನ ಅಂದ: ‘ಅಕ್ಕಾರ, ಇದು ಇನ್ನ ತಡಿಯೂದಿಲ್ಲ,
ಗುಂಡಿ ಒತ್ತಿದ್ರ ಮುದಿ ಎಮ್ಮಿ ಎದ್ದಂಗ ಏಳತೈತಿ.’
ಖರೇನ. ನಾ ಕಸಾ ಹೊಡದು, ಚಾ ಕುಡದು,
ಕಾಳಮ್ಮಗ ಊದಿನಕಡ್ಡಿ ಹಚ್ಚಿ ಬಂದ್ರೂ
ಪರದೆ ಇನ್ನೂ ಕಣ್ಣ ತಿಕ್ಕೋತ ಕುಂತಿರತಿತ್ತು.

ಹೊಸಾದು ಬಂತು. ತೆಳ್ಳಗ, ಕರ್ರಗ, ಸಪ್ಪಳಿಲ್ಲದ್ದು.
ಹಳೇದಕ್ಕೂ ಹೊಸಾದಕ್ಕೂ ನಡುವ
ಒಂದು ಮೊಳ ವಾಯರು.
ಬಾಗಲಕೋಟಿ ನವನಗರ, ಕಾಳಿಕಾ ಡಿಟಿಪಿ,
ಮೇ ತಿಂಗಳ ಮಧ್ಯಾಹ್ನ.

ಹಸರ ಪಟ್ಟಿ ಹರಿಯಾಕ ಹತ್ತಿತು.
ಉಳಿದದ್ದು ಹದಿನೇಳು ನಿಮಿಷ, ಅಂತು.
ಆಮ್ಯಾಲ ಎರಡು ತಾಸು.
ಆಮ್ಯಾಲ ನಾಕ ನಿಮಿಷ.
ಪರಿಹಾರದ ಆಫೀಸಿನ್ಯಾಗ ಇಂಥಾ ಸಾಹೇಬ ಒಬ್ಬಾವ ಇದ್ದ.

ಲಗ್ನಪತ್ರಿಕೆ. ಲಗ್ನಪತ್ರಿಕೆ-ಎರಡು. ಲಗ್ನಪತ್ರಿಕೆ-ಫೈನಲ್.
ಲಗ್ನಪತ್ರಿಕೆ-ಇದ-ಖರೇ-ಫೈನಲ್
(ಸ್ವಾದರಮಾವನ ಹೆಸರು ಬಿಟ್ಟು ಜಗಳಾಗಿತ್ತು).
ಭಜನಿ ಮ್ಯಾಳದ ಪಾವತಿ. ಕಬ್ಬಿನ ಗ್ಯಾಂಗಿನ ಪಟ್ಟಿ.
‘ಎಮ್ಮಿ ಕಳದೈತಿ’ ಅಂತ ಒಂದು,
‘ಎಮ್ಮಿ ಸಿಕ್ಕೈತಿ’ ಅಂತ ಇನ್ನೊಂದು.
ನಡುವ ನಿಂತು ಕೇಳತು:
ಈ ಹೆಸರಿಂದು ಮೊದಲ ಒಂದೈತಿ. ಬದಲ ಮಾಡೂದೋ, ಎರಡೂ ಇಡೂದೋ?
ಎರಡೂ ಇಡು, ಅಂದೆ. ಕೇಳೂ ರೀತಿ ಚಂದಿತ್ತು.

ಕಡೀಕ ಒಂದು ಫೋಲ್ಡರು.
ನಾಕನೂರಾ ಹನ್ನೆರಡು ಅರ್ಜಿ.
ಆವಾಗ ಅಂಗಡಿ ಹಳೇ ಊರಾಗ, ಕಿಲ್ಲಾದ ಇಳಿಜಾರಿಗೆ.
ಗ್ವಾಡಿ ಗ್ವಾಡಿಗೂ ಕೆಂಪ ಬಣ್ಣದ ನಂಬರು.
ಬುತ್ತಿ ಕಟಗೊಂಡು ಬಾಗಲದಾಗ ಪಾಳಿ ಹಚ್ಚಿದ ಮಂದಿ.
ಅವರು ಹೇಳಿದ್ದನ್ನ ಹೇಳಿದಂಗ ಹೊಡೀತಿದ್ದೆ,
ಪುಟಕ್ಕ ಐದು ರೂಪಾಯಿ.
ಅತ್ತದ್ದಕ್ಕ ರೊಕ್ಕ ಹಿಡೀತಿರಲಿಲ್ಲ.

ತೆಗದು ನೋಡಿದ್ರ, ಹೊಸಾದಕ್ಕ ಹಳೇ ಅಕ್ಷರ ಬರೂದಿಲ್ಲ.
ಬರೇ ಇಂಗ್ಲಿಷ ಅಕ್ಷರ, ತಲಿ ಮ್ಯಾಲ ಟೊಪಗಿ, ಬಗಲಾಗ ಬಾಲ,
ಯಾವುದೋ ದೇಶದ ಬೀಗರು ನಿಬ್ಬಣ ಬಂದಂಗ.
ಮೈನುದ್ದೀನ ಒಂದು ಕನ್ವರ್ಟರ್ ಹಾಕಿದ.
ಕನ್ನಡ ಬಂತು. ಆದ್ರ ಅರ್ಕಾವತ್ತು ತಪ್ಪಿತು.
‘ಅರ್ಜಿ’ ಹೋಗಿ ‘ಅಜಿರ್’,
‘ಪುನರ್ವಸತಿ’ ಹೋಗಿ ‘ಪುನವರ್ಸತಿ’.
ಎಲ್ಲಾದರಾಗೂ ರಕಾರ ತನ್ನ ಮನಿ ಬಿಟ್ಟು
ಒಂದ ಮನಿ ಆಚೆ ಹೋಗಿ ಕುಂತಿತ್ತು.

ನಗು ಬಂತು. ಅಷ್ಟರಾಗ ಇದು ಕಂಡಿತು:

‘ಹೂಗಾರ ಅಂಬವ್ವ ಕೋಂ ಮಲ್ಲೇಶಪ್ಪ ಇವರ ವಿನಂತಿ ಅಜಿರ್.
ನನಗ ಮೂಲಿ ಪ್ಲಾಟ ಬ್ಯಾಡ, ರಸ್ತಾದ ಪ್ಲಾಟ ಬ್ಯಾಡ.
ಅತ್ತಾರ ಹುಸೇನಬಿ ಬಾಜೂಕ ಕೊಡ್ರಿ.
ಇಪ್ಪತ್ತೆಂಟು ವಷರ್ ಇಬ್ಬರಿಗೂ ಒಂದ ಗ್ವಾಡಿ ಐತಿ.
ನನ್ನ ಮಾಲಿ ಉಳಿದ್ರ ಆಕಿ ಒಯ್ಯತಾಳ,
ಆಕಿ ಸೀಸೆ ಒಡದ್ರ ನನ್ನ ಮನಿ ಘಮ್ಮ ಅಂತೈತಿ.
ಆಕೀಗಿ ರಾತ್ರಿ ಅಂಜಿಕಿ. ಗ್ವಾಡಿಗೆ ಬಡೀತಾಳ,
ನಾ ತಿರಗಿ ಬಡೀತೀನಿ.’

‘ಈ ಕಡೀ ಮಾತು ಬರೀಬ್ಯಾಡವಾ’ ಅಂದಿದ್ಲು ಅಂಬವ್ವ.
ನಾ ಬರದುಬಿಟ್ಟಿದ್ದೆ.
ಆಕೀಗಿ ಸಿಕ್ಕದ್ದು ಸೆಕ್ಟರ್ ಹನ್ನೊಂದು,
ಹುಸೇನಬಿಗೆ ನಲವತ್ತಾರು.
ಆಟೋ ಎರಡು ಬದಲ ಮಾಡಬೇಕು.

‘ಹುಡುಕಿ ಬದಲಿಸು ಅಂತ ಐತ್ರಿ,’ ಅಂದ ಮೈನುದ್ದೀನ,
‘ಒಂದ ಸಲ ಒತ್ರಿ, ಎಲ್ಲಾ ನೆಟ್ಟಗ ಆಕ್ಕಾವ.’
ಇದೊಂದನ್ನ ಹೊರಗಿಟ್ಟು ಒತ್ತಿದೆ.
ಆದ್ವು.
ಇದನ್ನ ಕೈಲೆ ತಿದ್ದಿದೆ, ರಕಾರನ ಎತ್ತಿ ಎತ್ತಿ
ಒಂದೊಂದ ಮನಿ ಹಿಂದಕ್ಕ.

ಯಾರೋ ಆಧಾರ ಝೆರಾಕ್ಸಿಗೆ ಬಂದ್ರು, ಎರಡೂ ಬಾಜು ಬೇಕಂತ.
‘ಹಳೇದನ್ನ ಗುಜರಿಗೆ ಕೊಡೂನೇನ್ರಿ?’
ಹೊಳಿ ಇಳಿದೈತಿ ಈಗ. ಕಿಲ್ಲಾದ ಕಡೆ
ಗ್ವಾಡಿ ಎದ್ದಾವ ಅಂತಾರ. ನಾ ನೋಡಾಕ ಹೋಗಿಲ್ಲ.

ವಾಯರ ಬಿಚ್ಚಿದೆ. ತಗಡಿನ ಬೆನ್ನು ಇನ್ನೂ ಬೆಚ್ಚಗಿತ್ತು.
ಬೆರಳ ಮಡಚಿ ಎರಡ ಸಲ ಬಡದೆ.

‘ಯಾಕ್ರೀ ಅಕ್ಕಾರ?’

ಏನಿಲ್ಲಪಾ. ಅವರ ಝೆರಾಕ್ಸ್ ಕೊಟ್ಟ ಕಳಸು ಮೊದಲ.